ಮಠದ ಕೋಳಿಗಳು ಕಾವಿಗೆ ಕೂತಿವೆ: ಫ್ರೆಂಚ್‌ನಲ್ಲಿ ಒಂದೇ ಸ್ಪೆಲಿಂಗ್, ಎರಡು ಉಚ್ಚಾರ

ವಾಟ್ಸಾಪ್‌ನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವವರಿಗೆ ಈ ತೊಂದರೆ ಗೊತ್ತೇ ಇರುತ್ತದೆ. ಕೆ, ಎ, ಎಲ್, ಯು ಅಂತ ಒಂದು ಪದ ಬರುತ್ತದೆ. ಅದು ಕಾಲೋ, ಕಾಳೋ? ಮುಂದೆ ‘ನೋವು’ ಅಂತಿದ್ದರೆ ಕಾಲು. ‘ಸಾರು’ ಅಂತಿದ್ದರೆ ಕಾಳು. ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಣ್ಣು ಪಕ್ಕದ ಪದವನ್ನು ಮುಟ್ಟಿ ವಾಪಸ್ ಬಂದಿರುತ್ತದೆ, ನಮಗೆ ಅದು ಗೊತ್ತೂ ಆಗಿರುವುದಿಲ್ಲ.

ಫ್ರೆಂಚರು ಇದೇ ಕೆಲಸವನ್ನು ತಮ್ಮದೇ ಭಾಷೆ ಓದುವಾಗ ದಿನಾ ಮಾಡುತ್ತಾರೆ. ಅಲ್ಲಿ ಒಂದೇ ಸ್ಪೆಲಿಂಗ್‌ನ ಪದ ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಕೇಳಿಸುತ್ತದೆ. ಅರ್ಥವೂ ಬೇರೆ. ಇಂಗ್ಲಿಷ್‌ನಲ್ಲಿ ‘ರೀಡ್’ ಮತ್ತು ‘ರೆಡ್’ ಎರಡಕ್ಕೂ ಒಂದೇ ಸ್ಪೆಲಿಂಗ್ ಇದೆಯಲ್ಲ, ಹಾಗೆ. ಫ್ರೆಂಚ್‌ನಲ್ಲಿ ಇಂಥವು ಬಹಳ ಇವೆ.

ಇದು ಈಗ ನಮ್ಮಲ್ಲಿ ಬಹಳ ಮನೆಗಳ ವಿಷಯ. ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಳ್ಳುವ ಮಕ್ಕಳು ಮೊದಲಿಂದಲೂ ಇದ್ದರು. ಈಗ ಕೆನಡಾಕ್ಕೆ ಹೋಗಬೇಕೆನ್ನುವವರೂ ಸೇರಿದ್ದಾರೆ. ಆ ದೇಶ 2023ರಿಂದ ತನ್ನ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ವಲಸೆ ಬರುವವರನ್ನು ಆರಿಸುವ ವ್ಯವಸ್ಥೆಯಲ್ಲಿ, ಫ್ರೆಂಚ್ ಬಲ್ಲವರನ್ನೇ ಬೇರೆಯಾಗಿ ಆರಿಸುವ ಸುತ್ತುಗಳನ್ನು ನಡೆಸುತ್ತಿದೆ. ಹೀಗಾಗಿ ಮೂವತ್ತು ದಾಟಿದವರೂ ಆಫೀಸು ಮುಗಿಸಿ ಬಂದು ಫ್ರೆಂಚ್ ಪಾಠ ಬಿಡಿಸುತ್ತಿದ್ದಾರೆ. ಅವರಿಗೆ ಬೇಗ ಎದುರಾಗುವ ಗೋಡೆ ಇದು: ಬರೆದಂತೆ ಓದಿದರೆ ತಪ್ಪು, ಹೋದ ಪಾಠದಲ್ಲಿ ಓದಿದಂತೆ ಓದಿದರೂ ತಪ್ಪು.

ಮೊದಲು ಕಿವಿ ಸರಿಮಾಡಿಕೊಳ್ಳೋಣ

ಇಲ್ಲಿ ಫ್ರೆಂಚ್ ಸ್ಪೆಲಿಂಗನ್ನು ನಮಗೆ ಗೊತ್ತಿರುವ ಇಂಗ್ಲಿಷ್ ಅಕ್ಷರಗಳ ಹೆಸರಿನಲ್ಲೇ ಹೇಳುತ್ತೇನೆ. ಉಚ್ಚಾರವನ್ನು ಕನ್ನಡದಲ್ಲಿ ಆದಷ್ಟು ಹತ್ತಿರಕ್ಕೆ ಬರೆಯುತ್ತೇನೆ. ‘ಆದಷ್ಟು’ ಅನ್ನುವುದಕ್ಕೆ ಕಾರಣ ಇದೆ. ‘ಕೂವಾಂ’ ಅಂತ ಬರೆದಾಗ ಕೊನೆಯ ಸೊನ್ನೆಯನ್ನು ‘ಮ್’ ಅಂತ ಓದಬೇಡಿ, ತುಟಿ ಮುಚ್ಚಬಾರದು. ‘ಆ’ ಅನ್ನುತ್ತಾ ಉಸಿರನ್ನು ಸ್ವಲ್ಪ ಮೂಗಿಗೆ ಬಿಟ್ಟರೆ ಸಾಕು. ಫ್ರೆಂಚ್‌ನ ‘ಯು’ ಅಕ್ಷರ ಇನ್ನೊಂದು ತಲೆನೋವು. ನಾಲಿಗೆ ‘ಇ’ ಅನ್ನುವ ಹಾಗೆ ಇರಬೇಕು, ತುಟಿ ‘ಉ’ ಅನ್ನುವ ಹಾಗೆ. ಅದಕ್ಕೆ ಕನ್ನಡದಲ್ಲಿ ಅಕ್ಷರ ಇಲ್ಲ, ಸುಮ್ನೆ ‘ಉ’ ಅಂತಲೇ ಬರೆಯುತ್ತೇನೆ.

ಇನ್ನೊಂದು ಮಾತು ನೆನಪಿರಲಿ. ಫ್ರೆಂಚ್ ಪದದ ಕೊನೆಯಲ್ಲಿ ಬರುವ ಎಸ್, ಟಿ, ಡಿ, ಪಿ ಥರದ ಅಕ್ಷರಗಳು ಸಾಮಾನ್ಯವಾಗಿ ಬರೀ ನೋಡುವುದಕ್ಕೆ. ಬಾಯಿಗೆ ಬರುವುದಿಲ್ಲ. ‘ಸಾಮಾನ್ಯವಾಗಿ’ ಅನ್ನುವ ಪದದಲ್ಲೇ ಎಲ್ಲ ಗೊಂದಲವೂ ಅಡಗಿದೆ.

ಕೋಳಿಗಳ ಕಥೆ

ಫ್ರಾನ್ಸಿನಲ್ಲಿ ಇದನ್ನು ತೋರಿಸಲು ಬಳಸುವ ಪ್ರಸಿದ್ಧ ಉದಾಹರಣೆ ಇದೆ: ‘ಲೇ ಪೂಲ್ ದು ಕೂವಾಂ ಕೂವ್’. ಅಂದರೆ ‘ಮಠದ ಕೋಳಿಗಳು ಕಾವಿಗೆ ಕೂತಿವೆ’. ಕೇಳಿದರೆ ಏನೂ ವಿಶೇಷ ಇಲ್ಲ. ಬರೆದಾಗ ನೋಡಿ. ಕೊನೆಯ ಎರಡು ಪದಗಳ ಸ್ಪೆಲಿಂಗ್ ಒಂದೇ: ಸಿ, ಒ, ಯು, ವಿ, ಇ, ಎನ್, ಟಿ. ಮೊದಲನೆಯದು ‘ಕೂವಾಂ’, ಅಂದರೆ ಕ್ರೈಸ್ತ ಸನ್ಯಾಸಿನಿಯರ ಮಠ. ನಾವು ಕಾನ್ವೆಂಟ್ ಅನ್ನುತ್ತೇವಲ್ಲ, ಅದೇ. ಎರಡನೆಯದು ‘ಕೂವ್’, ಕಾವು ಕೊಡುತ್ತವೆ. (ನಮ್ಮ ‘ಕಾವು’, ಅವರ ‘ಕೂವ್’ ಎಷ್ಟು ಹತ್ತಿರ ಅನ್ನಿಸುತ್ತದೆ. ನಂಟು ಏನೂ ಇಲ್ಲ, ಬರೀ ಕಾಕತಾಳೀಯ.)

ಒಂದೇ ಏಳು ಅಕ್ಷರ. ಒಂದು ಕಡೆ ಕೊನೆಯ ‘ಇ-ಎನ್-ಟಿ’ ಮೂಗಿನಿಂದ ‘ಆಂ’ ಆಯಿತು. ಇನ್ನೊಂದು ಕಡೆ ಆ ಮೂರೂ ಅಕ್ಷರ ಪೂರ್ತಿ ಮೌನ.

ಇದು ಒಂದು ಪದದ ವಿಚಾರ ಅಲ್ಲ. ಫ್ರೆಂಚ್‌ನಲ್ಲಿ ‘ಅವರು’ ಅಥವಾ ‘ಅವು’ ಏನೋ ಮಾಡುತ್ತಾರೆ ಅನ್ನುವಾಗ ಕ್ರಿಯಾಪದದ ಕೊನೆಗೆ ಇ-ಎನ್-ಟಿ ಸೇರಿಸುತ್ತಾರೆ. ನಮ್ಮ ‘ಮಾಡುತ್ತಾರೆ’ಯ ಕೊನೆಯ ‘ಆರೆ’ ಇದ್ದ ಹಾಗೆ. ಅದನ್ನು ಬರೆಯಲೇಬೇಕು, ಉಚ್ಚರಿಸಲೇಬಾರದು. ಆದರೆ ಬೇರೆ ದಾರಿಯಲ್ಲಿ ಬಂದ ಹೆಸರುಗಳಿಗೂ ಗುಣವಾಚಕಗಳಿಗೂ ಇದೇ ಇ-ಎನ್-ಟಿ ಬಾಲ ಇದೆ, ಅಲ್ಲಿ ಅದು ‘ಆಂ’ ಅಂತ ಮಾತಾಡುತ್ತದೆ. ಹೀಗೆ ‘ಪ್ರೆಜ಼ಿದಾಂ’ ಅಂದರೆ ಅಧ್ಯಕ್ಷ, ಅದೇ ಸ್ಪೆಲಿಂಗ್ ‘ಪ್ರೆಜ಼ಿದ್’ ಆದರೆ ‘ಅಧ್ಯಕ್ಷತೆ ವಹಿಸುತ್ತಾರೆ’. ‘ಕೋಂತಾಂ’ ಅಂದರೆ ಖುಷಿಯಾಗಿರುವ, ‘ಕೋಂತ್’ ಅಂದರೆ ‘ಕಥೆ ಹೇಳುತ್ತಾರೆ’. ‘ಪಾರಾಂ’ ಅಂದರೆ ತಂದೆ ಅಥವಾ ತಾಯಿ, ‘ಪಾರ್’ ಅಂದರೆ ‘ಸಿಂಗರಿಸುತ್ತಾರೆ’.

ನನಗೆ ಬಹಳ ಇಷ್ಟವಾದದ್ದು ಸಿ-ಒ-ಎನ್-ವಿ-ಐ-ಇ-ಎನ್-ಟಿ. ಇಲ್ಲಿ ಎರಡೂ ಕ್ರಿಯಾಪದಗಳೇ. ‘ಇಲ್ ಕೋಂವ್ಯಾಂ’ ಅಂದರೆ ಅದು ಹೊಂದುತ್ತದೆ, ಸರಿಹೋಗುತ್ತದೆ. ‘ಇಲ್ ಕೋಂವಿ’ ಅಂದರೆ ಅವರು ಆಹ್ವಾನಿಸುತ್ತಾರೆ. ಮೊದಲ ‘ಇಲ್’ ಏಕವಚನ, ಎರಡನೆಯದು ಬಹುವಚನ. ಬರೆಯುವಾಗ ಎರಡನೆಯದಕ್ಕೆ ಒಂದು ಎಸ್ ಬೀಳುತ್ತದೆ, ಕೇಳುವಾಗ ಎರಡೂ ಒಂದೇ. ಅಂದರೆ ಕಣ್ಣಿಗೆ ಕ್ರಿಯಾಪದ ಒಂದೇ, ಸರ್ವನಾಮ ಬೇರೆ. ಕಿವಿಗೆ ಸರ್ವನಾಮ ಒಂದೇ, ಕ್ರಿಯಾಪದ ಬೇರೆ. ಎರಡರಲ್ಲಿ ಒಂದು ಸುಳಿವು ಯಾವಾಗಲೂ ಸಿಗುತ್ತದೆ, ಆದರೆ ಅದೇ ಸುಳಿವಲ್ಲ.

ಒತ್ತು ಬಿದ್ದದ್ದು ಉಳಿಯಿತು

ಹೀಗೇಕಾಯಿತು? ಉತ್ತರ ಲ್ಯಾಟಿನ್‌ನಲ್ಲಿದೆ. ಫ್ರೆಂಚ್ ಹುಟ್ಟಿದ್ದು ರೋಮನ್ನರು ತಂದ ಆಡುಮಾತಿನ ಲ್ಯಾಟಿನ್‌ನಿಂದ. ಫ್ರೆಂಚ್‌ನ ತೀರಾ ಹಳೆಯ ರೂಪದಲ್ಲಿ ಉಳಿದಿರುವ ಮೊದಲ ಬರಹ 842ರದು, ಸ್ಟ್ರಾಸ್‌ಬರ್ಗ್‌ನಲ್ಲಿ ಇಬ್ಬರು ರಾಜರು ಒಬ್ಬರಿಗೊಬ್ಬರು ಮಾಡಿದ ಪ್ರಮಾಣವಚನಗಳು.

‘ಮಠ’ ಅನ್ನುವ ಪದದ ಮೂಲ ಲ್ಯಾಟಿನ್‌ನ ‘ಕೊನ್ವೆಂತುಸ್’, ಅಂದರೆ ಜನ ಒಟ್ಟು ಸೇರುವುದು. ಅದರಲ್ಲಿ ಒತ್ತು ನಡುವಿನ ‘ವೆಂ’ ಮೇಲೆ. ‘ಕಾವು ಕೊಡುತ್ತವೆ’ ಬಂದದ್ದು ‘ಕುಬಂತ್’ ಅನ್ನುವುದರಿಂದ, ಮಲಗುತ್ತವೆ ಅಂತ ಅರ್ಥ. ಅದರಲ್ಲಿ ಒತ್ತು ಮೊದಲ ‘ಕು’ ಮೇಲೆ. ಶತಮಾನಗಳ ಕಾಲ ಜನ ಮಾತಾಡಿ ಮಾತಾಡಿ ಒತ್ತಿಲ್ಲದ ಭಾಗಗಳನ್ನು ಸವೆಸಿಬಿಟ್ಟರು. ಒತ್ತು ಬಿದ್ದ ‘ವೆಂ’ ಮೂಗಿನ ಸ್ವರವಾಗಿ ಬದುಕಿಕೊಂಡಿತು. ಒತ್ತಿಲ್ಲದ ‘ಬಂತ್’ನಲ್ಲಿ ಬರೀ ‘ವ್’ ಉಳಿಯಿತು.

ನಾವೂ ಇದನ್ನೇ ಮಾಡುತ್ತೇವೆ. ‘ಬರುತ್ತಾರೆ’ ಅಂತ ಬರೆದು ‘ಬರ್ತಾರೆ’ ಅನ್ನುತ್ತೇವೆ. ‘ಮಾಡಿದರು’ ಬಾಯಲ್ಲಿ ‘ಮಾಡಿದ್ರು’ ಆಗುತ್ತದೆ. ನಡುವಿನ ‘ಉ’, ‘ಅ’ ಸದ್ದಿಲ್ಲದೆ ಜಾರಿಹೋಗುತ್ತವೆ. ಈ ಜಾರುವಿಕೆ ಇನ್ನೂ ಐದಾರು ನೂರು ವರ್ಷ ಮುಂದುವರಿದು, ಬರಹ ಮಾತ್ರ ಈಗಿನಂತೆಯೇ ನಿಂತರೆ ಹೇಗಿರುತ್ತದೆ? ಫ್ರೆಂಚ್ ಇರುವುದು ಹೆಚ್ಚುಕಡಿಮೆ ಹಾಗೆ.

ಸದ್ದು ಹೋಯಿತು, ಅಕ್ಷರ ಯಾಕೆ ಹೋಗಲಿಲ್ಲ?

ಇಲ್ಲಿ ಕನ್ನಡದ ಜೊತೆ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಹಳಗನ್ನಡದಲ್ಲಿ ಎರಡು ಅಕ್ಷರಗಳಿದ್ದವು, ಈಗಿಲ್ಲ. ಒಂದು ಱ, ಇನ್ನೊಂದು ೞ. ಆಗ ಕೂಗಿ ಕರೆಯುವುದು ‘ಕರೆ’, ಹಾಲು ಹಿಂಡುವುದು ‘ಕಱೆ’. ಬದುಕುವುದು ‘ಬಾೞ್’, ಕತ್ತಿ ‘ಬಾಳ್’. ಕಾಲ ಕಳೆದಂತೆ ಱ-ದ ಸದ್ದು ರ-ದಲ್ಲಿ, ೞ-ದ ಸದ್ದು ಹೆಚ್ಚಾಗಿ ಳ-ದಲ್ಲಿ ಸೇರಿಹೋಯಿತು. ಹದಿಮೂರನೇ ಶತಮಾನದ ವ್ಯಾಕರಣಕಾರ ಕೇಶಿರಾಜ ೞ ಬರುವ ಪದಗಳನ್ನು ಪಟ್ಟಿ ಮಾಡಿಯೇ ಕೊಟ್ಟ. ಜನರ ಬಾಯಲ್ಲಿ ವ್ಯತ್ಯಾಸ ಗಟ್ಟಿಯಾಗಿದ್ದಿದ್ದರೆ ಪಟ್ಟಿ ಯಾಕೆ ಬೇಕಿತ್ತು? ಕೊನೆಗೆ ಆ ಅಕ್ಷರಗಳೂ ಬರಹದಿಂದ ಹೊರಟವು. ಈಗ ‘ಕರೆ’ ಅಂದರೆ ಕೂಗುವುದೂ ಹೌದು, ಹಾಲು ಕರೆಯುವುದೂ ಹೌದು. ಎರಡನ್ನೂ ಒಂದೇ ಥರ ಓದುತ್ತೇವೆ.

ಕನ್ನಡದಲ್ಲಿ ಸದ್ದಿನ ಹಿಂದೆಯೇ ಅಕ್ಷರವೂ ಹೋಯಿತು. ಫ್ರೆಂಚ್‌ನಲ್ಲಿ ಸದ್ದು ಹೋಯಿತು, ಅಕ್ಷರ ಮನೆ ಖಾಲಿ ಮಾಡಲಿಲ್ಲ.

ಮಾಡಲು ಬಿಡಲೂ ಇಲ್ಲ ಅನ್ನಬೇಕು. 1539ರಲ್ಲಿ ರಾಜ ಮೊದಲನೇ ಫ್ರಾನ್ಸುವಾ ವಿಲ್ಲೆರ್-ಕೊತ್ತೆರೆ ಎಂಬ ಊರಲ್ಲಿ ಹೊರಡಿಸಿದ ಆಜ್ಞೆಯಿಂದ ಕೋರ್ಟು ಕಚೇರಿಗಳ ಭಾಷೆ ಲ್ಯಾಟಿನ್ ಬದಲು ಫ್ರೆಂಚ್ ಆಯಿತು. ಬರೆಯುವವರು ಲ್ಯಾಟಿನ್ ಓದಿದವರು. ಫ್ರೆಂಚ್ ಪದದಲ್ಲೂ ಅದರ ಲ್ಯಾಟಿನ್ ಅಜ್ಜನ ಮುಖ ಕಾಣಬೇಕೆಂಬ ಆಸೆ ಅವರಿಗೆ. ಆ ಕಾಲದ ವಿದ್ವಾಂಸರೂ ಬರಹಗಾರರೂ ಇಲ್ಲದ ಅಕ್ಷರಗಳನ್ನೂ ತುರುಕಿದರು. ಬೆರಳಿಗೆ ‘ದ್ವಾ’ ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ ಅದು ‘ದಿಗಿತುಸ್’ ಆಗಿತ್ತು ಅಂತ ನಡುವೆ ಒಂದು ಜಿ ಸೇರಿಸಿದರು. ಅದನ್ನು ಯಾರೂ ಉಚ್ಚರಿಸುವುದಿಲ್ಲ, ಇವತ್ತಿಗೂ ಬರೆಯುತ್ತಾರೆ.

1635ರಲ್ಲಿ ಭಾಷೆಯ ಕಾವಲಿಗೆ ಫ್ರೆಂಚ್ ಅಕಾಡೆಮಿ ಹುಟ್ಟಿತು. ಅದರ ಮೊದಲ ನಿಘಂಟು ಬಂದದ್ದು 1694ರಲ್ಲಿ. ಅದಕ್ಕೆ ತಯಾರಿ ನಡೆಯುತ್ತಿದ್ದಾಗ, 1673ರ ಟಿಪ್ಪಣಿಯೊಂದರಲ್ಲಿ ಅಕಾಡೆಮಿ ತನಗೆ ಹಳೆಯ ಸ್ಪೆಲಿಂಗೇ ಇಷ್ಟ ಎಂದು ಬರೆದುಕೊಂಡಿತು. ಕಾರಣ: ಅದು ಓದಿದವರನ್ನು ಓದದವರಿಂದಲೂ ‘ಸಾಮಾನ್ಯ ಹೆಂಗಸರಿಂದಲೂ’ ಬೇರೆ ಮಾಡಿ ತೋರಿಸುತ್ತದಂತೆ. ಸ್ಪೆಲಿಂಗ್ ಕಷ್ಟವಾಗಿರುವುದು ಅವರಿಗೆ ದೋಷವಾಗಿ ಕಾಣಲಿಲ್ಲ, ಬೇಲಿಯಾಗಿ ಕಂಡಿತು.

ಟಿ ಅಕ್ಷರದ ಎರಡು ಮುಖ

ಇನ್ನೊಂದು ದೊಡ್ಡ ಗುಂಪು ಇದೆ, ಇದರ ಗುಟ್ಟು ಸುಲಭ. ಪಿ-ಒ-ಆರ್-ಟಿ-ಐ-ಒ-ಎನ್-ಎಸ್ ಅಂತ ಬರೆದದ್ದನ್ನು ‘ಪೊರ್ಸ್ಯೋಂ’ ಅಂತ ಓದಿದರೆ ಪಾಲುಗಳು. ‘ಪೊರ್ತ್ಯೋಂ’ ಅಂತ ಓದಿದರೆ ‘ನಾವು ಹೊರುತ್ತಿದ್ದೆವು’. ‘ನೂ ಪೊರ್ತ್ಯೋಂ ನೋ ಪೊರ್ಸ್ಯೋಂ’ ಅಂದರೆ ‘ನಾವು ನಮ್ಮ ಪಾಲುಗಳನ್ನು ಹೊತ್ತು ನಡೆಯುತ್ತಿದ್ದೆವು’.

ಲ್ಯಾಟಿನ್ ಬರಬರುತ್ತಾ ಟಿ ಮುಂದೆ ಐ, ಅದರ ಮುಂದೆ ಇನ್ನೊಂದು ಸ್ವರ ಬಂದಾಗ ‘ತಿ’ ಸದ್ದು ‘ತ್ಸಿ’ಯಾಗಿ ಕರಗಿತು. ಪಾಲು ಅನ್ನುವ ಹೆಸರು ಆ ಸಾಲಿನದು, ಆದ್ದರಿಂದ ‘ಸ’ ಆಗಿದೆ. ಹೊರುವುದರಲ್ಲಿ ಟಿ ಧಾತುವಿನದೇ ಸ್ವತ್ತು. ‘ಪೋರ್ತ್’ ಅನ್ನುವ ಧಾತುವಿಗೆ ‘ಯೋಂ’ ಪ್ರತ್ಯಯ ಬಂದು ಅಂಟಿಕೊಂಡಿದೆ, ಅಷ್ಟೇ. ಅದರ ‘ತ’ ಕದಲುವುದಿಲ್ಲ. ಉಲ್ಲೇಖಗಳು ಮತ್ತು ‘ನಾವು ಸುಳ್ಳು ಹೇಳುತ್ತಿದ್ದೆವು’ ಎರಡಕ್ಕೂ ಇದೇ ರೀತಿ ಒಂದೇ ಸ್ಪೆಲಿಂಗ್: ‘ಮಾಂಸ್ಯೋಂ’, ‘ಮಾಂತ್ಯೋಂ’. ಹಿಂದೆ ‘ನೂ’, ಅಂದರೆ ‘ನಾವು’ ಇದ್ದರೆ ‘ತ’ ಹೇಳಿ, ಮುಗಿಯಿತು.

ನಂಟೇ ಇಲ್ಲದ ಅವಳಿಗಳು

ಕೆಲವು ಜೋಡಿಗಳಿಗೆ ನಿಯಮವೇ ಇಲ್ಲ. ಬೇರೆ ಬೇರೆ ಊರಿಂದ ಬಂದ ಇಬ್ಬರು ಒಂದೇ ಬಣ್ಣದ ಶರ್ಟು ಹಾಕಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಪಕ್ಕಪಕ್ಕ ನಿಂತ ಹಾಗೆ.

ಇ-ಎಸ್-ಟಿ ನೋಡಿ. ‘ಎ’ ಅಂತ ಓದಿದರೆ ‘ಇದ್ದಾನೆ, ಇದೆ’. ನೇರ ಲ್ಯಾಟಿನ್‌ನದು. ‘ಎಸ್ಟ್’ ಅಂತ ಓದಿದರೆ ಪೂರ್ವ ದಿಕ್ಕು. ಅದು ಲ್ಯಾಟಿನ್ನೇ ಅಲ್ಲ, ಹಳೆಯ ಇಂಗ್ಲಿಷ್‌ನಿಂದ ಬಂದದ್ದು. ಫ್ರೆಂಚ್‌ನ ನಾಲ್ಕು ದಿಕ್ಕುಗಳ ಹೆಸರೂ ಆ ಕಡೆಯಿಂದಲೇ ಬಂದವು.

ಎಫ್-ಐ-ಎಲ್-ಎಸ್ ಇನ್ನೂ ತಮಾಷೆ. ‘ಫಿಸ್’ ಅಂದರೆ ಮಗ. ‘ಫಿಲ್’ ಅಂದರೆ ದಾರಗಳು. ಮಗನಲ್ಲಿ ಎಲ್ ಸುಮ್ಮನಿದೆ, ಎಸ್ ಮಾತಾಡುತ್ತದೆ. ದಾರದಲ್ಲಿ ಎಸ್ ಸುಮ್ಮನಿದೆ, ಎಲ್ ಮಾತಾಡುತ್ತದೆ. ಮಗನ ಮೂಲ ಲ್ಯಾಟಿನ್‌ನ ‘ಫಿಲಿಯುಸ್’, ಅದರ ಕೊನೆಯ ‘ಸ್’ ಇನ್ನೂ ಜೊತೆಗಿದೆ. ದಾರದ ಮೂಲ ‘ಫಿಲುಮ್’, ಅಲ್ಲಿರುವ ಎಸ್ ಬರೀ ಬಹುವಚನದ ಗುರುತು.

ಬಿ-ಯು-ಎಸ್ ಅಂದರೆ ನಮ್ಮ ಬಸ್ಸೇ, ‘ಬುಸ್’ ಅನ್ನುತ್ತಾರೆ. ‘ಬು’ ಅಂದರೆ ‘ಕುಡಿದೆನು’, ಕಥೆ ಕಾದಂಬರಿಯಲ್ಲಿ ಬರುವ ಭೂತಕಾಲ. ಬಸ್ಸು ‘ಓಮ್ನಿಬುಸ್’ ಎಂಬ ಲ್ಯಾಟಿನ್ ಪದದ ಬಾಲ. ‘ಎಲ್ಲರಿಗಾಗಿ’ ಅಂತ ಅರ್ಥ. 1820ರ ದಶಕದಲ್ಲಿ ನಾಂತ್ ಊರಿನಲ್ಲಿ ಸ್ತಾನಿಸ್ಲಾಸ್ ಬೋದ್ರಿ ಓಡಿಸಿದ ಕುದುರೆ ಗಾಡಿಗಳಿಂದ ಈ ಹೆಸರು ಹರಡಿತು. ಹಾಗೆ ನೋಡಿದರೆ ನಾವು ದಿನಾ ಹತ್ತುವುದು ಲ್ಯಾಟಿನ್ ಚತುರ್ಥಿ ವಿಭಕ್ತಿಯ ಒಂದು ತುಂಡನ್ನು.

ವಿ-ಐ-ಎಸ್: ‘ವಿ’ ಅಂದರೆ ಬದುಕುತ್ತೇನೆ, ‘ವಿಸ್’ ಅಂದರೆ ಸ್ಕ್ರೂ. ಸ್ಕ್ರೂ ಬಂದದ್ದು ದ್ರಾಕ್ಷಿ ಬಳ್ಳಿಯ ಲ್ಯಾಟಿನ್ ಹೆಸರಿನಿಂದ, ಬಳ್ಳಿಯ ಕುಡಿಯಂತೆ ಸುತ್ತಿಕೊಂಡಿದೆಯಲ್ಲ. ಎಫ್-ಐ-ಇ-ಆರ್: ‘ಫ್ಯೇರ್’ ಅಂದರೆ ಹೆಮ್ಮೆಯಿರುವ, ‘ಫ್ಯೇ’ ಅಂದರೆ ನಂಬುವುದು. ಒ-ಎಸ್ ಅಂದರೆ ಮೂಳೆ. ಒಂದೇ ಇದ್ದರೆ ‘ಒಸ್’, ಹಲವು ಇದ್ದರೆ ಬರೀ ‘ಓ’. ಬಹುವಚನದಲ್ಲಿ ಪದ ಉದ್ದವಾಗುವ ಬದಲು ಗಿಡ್ಡವಾಗುವ ವಿಚಿತ್ರ.

ಒಂದು ಎಸ್, ಒಂದು ಟೋಪಿ

ಪೂರ್ತಿ ಒಂದೇ ಅಲ್ಲದೆ, ಕೂದಲೆಳೆಯಷ್ಟು ಬೇರೆ ಇರುವ ಪದಗಳೂ ಇವೆ. ಊಟದ ಮೇಜಿನಲ್ಲಿ ಅವು ಜಾಸ್ತಿ ಅಪಾಯ. ‘ಪ್ವಾಸೋಂ’ ಅಂದರೆ ಮೀನು, ‘ಪ್ವಾಜ಼ೋಂ’ ಅಂದರೆ ವಿಷ. ಮೀನಿಗೆ ಎರಡು ಎಸ್, ವಿಷಕ್ಕೆ ಒಂದು. ನಿಯಮ ಹೀಗಿದೆ: ಎರಡು ಸ್ವರಗಳ ನಡುವೆ ಒಂಟಿ ಎಸ್ ಇದ್ದರೆ ‘ಜ಼’, ಜೋಡಿ ಎಸ್ ಇದ್ದರೆ ‘ಸ’. ಊಟದ ಕೊನೆಯ ಸಿಹಿ ‘ದೆಸೇರ್’, ಮರುಭೂಮಿ ‘ದೆಜ಼ೇರ್’. ಇಲ್ಲೂ ಅದೇ ಲೆಕ್ಕ.

ಇನ್ನು ಅಕ್ಷರದ ತಲೆಯ ಮೇಲಿನ ಗುರುತುಗಳು. ‘ಮೀನು ಹಿಡಿಯುವುದು’ ಮತ್ತು ‘ಪಾಪ ಮಾಡುವುದು’ ಇವೆರಡರ ನಡುವೆ ಇರುವುದು ಇ ಅಕ್ಷರದ ಮೇಲಿನ ಗುರುತಿನ ವ್ಯತ್ಯಾಸ ಮಾತ್ರ. ಮೀನಿಗೆ ಪುಟ್ಟ ಟೋಪಿ, ಪಾಪಕ್ಕೆ ಓರೆಯಾದ ಒಂದು ಗೀಟು. ಮೊದಲನೆಯದರಲ್ಲಿ ‘ಎ’ ಸ್ವಲ್ಪ ಬಾಯಿ ಅಗಲಿಸಿ ಹೇಳುವುದು, ಎರಡನೆಯದರಲ್ಲಿ ಬಾಯಿ ಕಿರಿದು. ಬಹಳ ಫ್ರೆಂಚರು ಮಾತಿನಲ್ಲಿ ಎರಡನ್ನೂ ಒಂದೇ ಮಾಡಿಬಿಡುತ್ತಾರೆ.

ಈ ಟೋಪಿ ಸಾಮಾನ್ಯವಾಗಿ ಸತ್ತುಹೋದ ಒಂದು ಎಸ್‌ನ ಗೋರಿಕಲ್ಲು. ಇಂಗ್ಲಿಷ್‌ನ ‘ಹಾಸ್ಪಿಟಲ್’, ‘ಫಾರೆಸ್ಟ್’ ಪದಗಳಲ್ಲಿ ಆ ಎಸ್ ಇನ್ನೂ ಇದೆ, ಏಕೆಂದರೆ ಇಂಗ್ಲಿಷರು ಹಳೆಯ ಫ್ರೆಂಚ್‌ನಿಂದ ತೆಗೆದುಕೊಂಡರು. ಫ್ರೆಂಚ್‌ನಲ್ಲಿ ಈಗ ‘ಒಪಿತಾಲ್’, ‘ಫೊರೆ’. ಅಕಾಡೆಮಿ 1740ರ ನಿಘಂಟಿನಲ್ಲಿ ಇಂಥ ಮೂಕ ಎಸ್‌ಗಳನ್ನು ತೆಗೆದು ಟೋಪಿ ಹಾಕಿತು. 1990ರ ಡಿಸೆಂಬರ್ 6ರಂದು ಸರ್ಕಾರಿ ಗೆಜೆಟ್‌ನಲ್ಲಿ ಬಂದ ಸುಧಾರಣೆ ಐ ಮತ್ತು ಯು ಮೇಲಿನ ಟೋಪಿ ಬಹುತೇಕ ಬೇಡ ಅಂದಿತು. ಆದರೆ ಎರಡು ಪದಗಳನ್ನು ಬೇರ್ಪಡಿಸುವ ಕಡೆ ಇರಲಿ ಅಂದಿತು. ‘ಮೇಲೆ’ ಮತ್ತು ‘ಖಚಿತ’ ಎರಡೂ ‘ಸುರ್’. ಕಿವಿಗೆ ವ್ಯತ್ಯಾಸವಿಲ್ಲ, ಖಚಿತಕ್ಕೆ ಮಾತ್ರ ಟೋಪಿ. 2016ರಲ್ಲಿ ಶಾಲಾ ಪುಸ್ತಕಗಳು ಈ ಬದಲಾವಣೆ ತರುತ್ತವೆ ಅಂತ ಸುದ್ದಿಯಾದಾಗ ಜನ ಸಾಮಾಜಿಕ ಜಾಲತಾಣಗಳಲ್ಲಿ ಟೋಪಿಯ ಪರವಾಗಿ ಹ್ಯಾಶ್‌ಟ್ಯಾಗ್ ಚಳವಳಿಯನ್ನೇ ಮಾಡಿದರು. ಕಲಿಯುವಾಗ ಬೈದುಕೊಂಡ ಸ್ಪೆಲಿಂಗನ್ನು ದೊಡ್ಡವರಾದ ಮೇಲೆ ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ ಅನ್ನಿಸುತ್ತದೆ.

ಓದುವವರು ಹೇಗೆ ನಿಭಾಯಿಸುತ್ತಾರೆ?

ಕೆ-ಎ-ಎಲ್-ಯು ಓದುವಾಗ ನಾವು ಮಾಡುವುದನ್ನೇ. ಪಕ್ಕದ ಪದ ನೋಡುತ್ತಾರೆ. ಹಿಂದೆ ‘ಲ’ ಅಥವಾ ‘ಅಂ’ ಥರದ ಪುಟ್ಟ ಪದ ಇದ್ದರೆ ಮುಂದೆ ಬರುವುದು ಹೆಸರು, ಆಗ ಇ-ಎನ್-ಟಿ ‘ಆಂ’ ಅನ್ನುತ್ತದೆ. ಹಿಂದೆ ‘ಅವರು’ ಅಥವಾ ಬಹುವಚನದ ಕರ್ತೃ ಇದ್ದರೆ ಕ್ರಿಯಾಪದ, ಬಾಲ ಮೌನ. ಕಲಿಯುವವರು ಪದವನ್ನು ಒಂಟಿಯಾಗಿ ಪಟ್ಟಿಯಲ್ಲಿ ಬಾಯಿಪಾಠ ಮಾಡುವ ಬದಲು ಹಿಂದಿನ ಪುಟ್ಟ ಪದದ ಜೊತೆಗೇ ಕಲಿತರೆ ಅರ್ಧ ಕಷ್ಟ ಕಡಿಮೆ.

ಗಟ್ಟಿಯಾಗಿ ಓದುವ ಫೋನು, ಕಂಪ್ಯೂಟರ್‌ಗಳಿಗೂ ಇದೇ ಪರೀಕ್ಷೆ. ಅಕ್ಷರದಿಂದ ಸದ್ದಿಗೆ ನೇರ ದಾರಿ ಇಲ್ಲ, ಮೊದಲು ಆ ಪದ ಹೆಸರೋ ಕ್ರಿಯೆಯೋ ಅಂತ ಯಂತ್ರ ನಿರ್ಧರಿಸಬೇಕು. ಅಲ್ಲಿ ತಪ್ಪಿದರೆ ಕೋಳಿಗಳು ಕಾವು ಕೊಡುವ ಬದಲು ಮಠವಾಗಿಬಿಡುತ್ತವೆ.

ಕೊನೆಗೆ, ತೀರಾ ತರಲೆ ಪದ

ಪಿ-ಎಲ್-ಯು-ಎಸ್. ನಮಗೆ ಗೊತ್ತಿರುವ ಪ್ಲಸ್ಸೇ. ಇದಕ್ಕೆ ಎರಡು ಅಲ್ಲ, ಮೂರು ಉಚ್ಚಾರ. ಎರಡು ಕೂಡಿಸು ಎರಡು ಅನ್ನುವಾಗ ‘ಪ್ಲುಸ್’. ‘ಹೆಚ್ಚು ದೊಡ್ಡದು’ ಅನ್ನುವಾಗ ‘ಪ್ಲು ಗ್ರಾಂ’, ಎಸ್ ಮಾಯ. ಮುಂದಿನ ಪದ ಸ್ವರದಿಂದ ಶುರುವಾದರೆ ‘ಪ್ಲುಜ಼್’.

ಇಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಆದರೆ ಈ ಪದಕ್ಕೆ ‘ಇನ್ನೂ ಹೆಚ್ಚು’ ಅಂತಲೂ ಅರ್ಥ, ‘ಇನ್ನು ಇಲ್ಲ’ ಅಂತಲೂ ಅರ್ಥ. ಪೂರ್ತಿ ವಾಕ್ಯದಲ್ಲಿ ‘ಇಲ್ಲ’ ಅನ್ನುವಾಗ ಕ್ರಿಯಾಪದದ ಮುಂದೆ ‘ನ’ ಅನ್ನುವ ಪುಟ್ಟ ನಿಷೇಧ ಪದ ಇರಬೇಕು. ಆಡುಮಾತಿನಲ್ಲಿ ಜನ ಅದನ್ನು ನುಂಗಿಬಿಡುತ್ತಾರೆ. ಆಗ ಉಳಿಯುವುದು ‘ಝಾಂ ವ್ಯ ಪ್ಲುಸ್’ ಮತ್ತು ‘ಝಾಂ ವ್ಯ ಪ್ಲು’. ಮೊದಲನೆಯದು ‘ನನಗೆ ಇನ್ನೂ ಬೇಕು’. ಎರಡನೆಯದು ‘ನನಗೆ ಇನ್ನು ಸಾಕು’. ತಟ್ಟೆಗೆ ಬಡಿಸಲು ಬಂದವರಿಗೆ ಎಸ್ ಕೇಳಿಸಿತೋ ಇಲ್ಲವೋ ಅನ್ನುವುದರ ಮೇಲೆ ನಿಮ್ಮ ಹೊಟ್ಟೆಯ ಗತಿ ನಿಂತಿದೆ. ನಮ್ಮ ಹಾಗೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುವುದೇ ಸುರಕ್ಷಿತ.

ಬರೆದಾಗ ಆ ಎಸ್ ಕೂಡ ಕೇಳಿಸುವುದಿಲ್ಲ. ‘ಪ್ಲು ದ ಪ್ಯಾಂ’ ಅಂತ ಮನೆಯಿಂದ ಮೆಸೇಜ್ ಬಂತು ಅಂದುಕೊಳ್ಳಿ. ‘ಬ್ರೆಡ್ ಖಾಲಿ’ ಅಂತಲೋ, ‘ಇನ್ನೂ ಬ್ರೆಡ್ ಬೇಕು’ ಅಂತಲೋ? ಪರವಾಗಿಲ್ಲ, ಎರಡಕ್ಕೂ ಅಂಗಡಿಗೆ ಹೋದರಾಯಿತು. ಅದೇ ಅಡುಗೆಯವರ ಕೈಗೆ ‘ಇನ್ನೂ ಉಪ್ಪು’ ಅಂತಲೂ ‘ಇನ್ನು ಉಪ್ಪು ಬೇಡ’ ಅಂತಲೂ ಓದಬಹುದಾದ ಚೀಟಿ ಕೊಟ್ಟರೆ ಮಾತ್ರ, ಆ ದಿನದ ಊಟದ ಬಗ್ಗೆ ಯಾರೂ ಭರವಸೆ ಕೊಡಲಾರರು.